ಶಾಲಾ ಮಕ್ಕಳ ಹಲ್ಲಿನ ಫೋಟೊ ತಪಾಸಣೆ: ತಲೆಗೆ 90 ರೂಪಾಯಿ ಕೊಡಬಹುದೇ?

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ, ಶಿರಾ ತಾಲ್ಲೂಕು: ನಮ್ಮ ಸರ್ಕಾರಿ ಶಾಲೆಯಲ್ಲಿ 212 ಮಕ್ಕಳು. ಹಳೆಯ ವಿದ್ಯಾರ್ಥಿಗಳು 40,000 ರೂಪಾಯಿ ಕೊಟ್ಟಿದ್ದಾರೆ. ಹಲ್ಲಿನ ಫೋಟೊ ತೆಗೆದು ಬೆಂಗಳೂರಿನ ದಂತವೈದ್ಯರಿಗೆ ತೋರಿಸುತ್ತೇವೆ, ತಲೆಗೆ 90 ಎಂದು ಒಬ್ಬರು ಬಂದಿದ್ದಾರೆ. ಮಾಡಿಸಿದವರು ತಿಳಿಸಿ.

ಮುಖ್ಯ ಶಿಕ್ಷಕಿ, ಪಾವಗಡ ತಾಲ್ಲೂಕು: ನಾವು ಯಾರಿಗೂ ಗುತ್ತಿಗೆ ಕೊಡದೆ ನಾವೇ ಮಾಡಿದೆವು. ಬಾಯೊಳಗಿನ ಕ್ಯಾಮೆರಾ 6,500, ಕೆನ್ನೆ ಹಿಗ್ಗಿಸುವ ಕ್ಲಿಪ್ಪು 1,800, ಕೈಗವಸು, ಕನ್ನಡಿ, ಸ್ಪಿರಿಟ್ 2,150. 186 ಮಕ್ಕಳು, ತಲೆಗೆ 56 ಬಿತ್ತು. ಕ್ಲಿಪ್ಪು ಹಾಕಿದೊಡನೆ ಎರಡನೇ ತರಗತಿಯ ಹುಡುಗ ಜೊಲ್ಲು ಸುರಿಸುತ್ತಾ ಅಳತೊಡಗಿದ. ಉಸಿರಿಗೆ ಗಾಜು ಮಂಜಾಗಿ ದವಡೆ ಹಲ್ಲು ಕಾಣಲೇ ಇಲ್ಲ. 61 ಮಕ್ಕಳ ಫೋಟೊ ಸ್ಪಷ್ಟವಿಲ್ಲವೆಂದು ನೋಡಿದ ದಂತವೈದ್ಯರಿಂದ ವಾಪಸು ಬಂದವು, ಮತ್ತೆರಡು ದಿನ ಪಾಠ ಹೋಯಿತು. ಕೊನೆಗೆ 74 ಮಕ್ಕಳಿಗೆ ಚಿಕಿತ್ಸೆ ಬೇಕೆಂದು ವರದಿ. ಆಸ್ಪತ್ರೆ 28 ಕಿ.ಮೀ. ಕಡಲೆಕಾಯಿ ಕೀಳುವ ಕಾಲ. ಕೂಲಿ ಬಿಟ್ಟು ಯಾವ ತಾಯಿ ಬರುತ್ತಾಳೆ? ಎರಡು ಸಲ ಟೆಂಪೊ ಮಾಡಿದೆ, 4,800. ಹೋದವರು 19 ಮಕ್ಕಳು. ನೋಡಲು 56, ಕುರ್ಚಿಯವರೆಗೆ ಒಯ್ಯಲು 250ಕ್ಕೂ ಹೆಚ್ಚು! ಅವರಲ್ಲಿ ಆರು ಮಕ್ಕಳದು ಹುಳುಕೇ ಅಲ್ಲ, ನಮ್ಮ ಕೊಳವೆಬಾವಿ ನೀರಿನ ಫ್ಲೋರೈಡ್ ಕಲೆ.

ದಂತವೈದ್ಯೆ, ಬೆಂಗಳೂರು: ತಪ್ಪೆಲ್ಲ ನೋಡಿದವರದೇ ಎಂಬಂತೆ ಬರೆಯಬೇಡಿ. ಎರಡು ವರ್ಷ ಇದೇ ಕೆಲಸ ಮಾಡಿದ್ದೇನೆ, ಮಗುವಿಗೆ 12 ರೂಪಾಯಿಯಂತೆ. ಫ್ಲೋರೈಡ್ ಕಲೆ ಸಾಮಾನ್ಯವಾಗಿ ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ಬಗೆಯಾಗಿರುತ್ತದೆ. ನಮಗೆ ಬರುತ್ತಿದ್ದುದು ಒಂದೇ ಬದಿಯ ಫೋಟೊ, ಅದೂ ಜೊಲ್ಲಿನಲ್ಲಿ ಹೊಳೆಯುವ ಹಲ್ಲು. ಹತ್ತಿಯಿಂದ ಒರೆಸಿ ತೆಗೆಯಿರಿ ಎಂದು ಬರೆದು ಬರೆದು ಸಾಕಾಯಿತು. ಹಲ್ಲುಗಳ ಸಂದಿನ ಹುಳುಕಂತೂ ಎಕ್ಸ್‌ರೇ ಇಲ್ಲದೆ ಸಿಗುವುದು ಕಷ್ಟ. ನಾನು 'ತೊಂದರೆ ಇಲ್ಲ' ಎಂದು ಬರೆದ ಮಗುವಿನ ವಸಡಿನಲ್ಲಿ ಕೀವು ತುಂಬಿತು. ಅದರ ತಂದೆ ಆಡಿದ ಮಾತು ಇನ್ನೂ ನೋಯುತ್ತದೆ. ಆ ತಿಂಗಳೇ ಕೆಲಸ ಬಿಟ್ಟೆ.

ತಂದೆ, ಮಧುಗಿರಿ: ಹಾಗಾದರೆ ಯಾರೂ ಮಾಡಿಸಬಾರದೇ? ನನ್ನ ಮಗಳಿಗೆ ಏಳು ವರ್ಷ. ಹಾಲುಹಲ್ಲು, ಬಿದ್ದುಹೋಗುತ್ತದೆ ಎಂದು ಮನೆಯವರೆಲ್ಲ ಸುಮ್ಮನಿದ್ದರು. ಅದು ಆರನೇ ವರ್ಷದ ಸುಮಾರಿಗೆ ಹುಟ್ಟುವ ಶಾಶ್ವತ ದವಡೆ ಹಲ್ಲು, ಹೋದರೆ ಮತ್ತೆ ಬರುವುದಿಲ್ಲ ಎಂದು ಹೇಳಿದ್ದು ಫೋಟೊ ನೋಡಿದ ವೈದ್ಯರು. 600 ರೂಪಾಯಿಗೆ ತುಂಬಿಸಿದೆ. ಅದೇ ಹಲ್ಲಿಗೆ ಅಣ್ಣನ ಮಗನಿಗೆ ಬೇರು ಚಿಕಿತ್ಸೆ, ಕ್ಯಾಪು ಸೇರಿ 7,200. ಮೇಡಂ, 19 ಮಕ್ಕಳೆಂದರೆ ಕಡಿಮೆಯೇ? ಹುಟ್ಟುಹಬ್ಬಕ್ಕೆ ಶಾಲೆಯಲ್ಲಿ ಚಾಕೊಲೇಟ್ ಹಂಚಲು ಬಿಡುವವರು ನೀವೇ.

ನಿವೃತ್ತ ಆರೋಗ್ಯ ಸಹಾಯಕ: ಸರ್ಕಾರಿ ತಂಡ ಶಾಲೆಗೇ ಬಂದು ಮಕ್ಕಳ ಆರೋಗ್ಯ ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದಲೇ ಇದೆ, ಹುಳುಕು ಹಲ್ಲೂ ಅದರ ಪಟ್ಟಿಯಲ್ಲಿದೆ. ಪುಕ್ಕಟೆ ಸಿಗುವ ತಪಾಸಣೆಗೆ 212 ಮಕ್ಕಳಿಗೆಂದು 19,080 ರೂಪಾಯಿ ಏಕೆ ಸುರಿಯಬೇಕು? ಟೆಂಪೊಗೆ ಇಡಿ.

ದಂತವೈದ್ಯೆ: ಒಂದು ದಿನಕ್ಕೆ ನೂರಾರು ಮಕ್ಕಳ ಕಣ್ಣು, ಕಿವಿ, ತೂಕ ಎಲ್ಲ ನೋಡುವ ತಂಡ ದವಡೆ ಹಲ್ಲಿನ ಗುಳಿಯನ್ನು ಎಷ್ಟು ಹೊತ್ತು ನೋಡೀತು?

ನಿವೃತ್ತ ಆರೋಗ್ಯ ಸಹಾಯಕ: ಟಾರ್ಚ್ ಹಿಡಿದು ನೋಡಿದ್ದೇನೆ. ನೀವು ಹನ್ನೆರಡು ರೂಪಾಯಿಗೆ ನೋಡಿದ್ದಕ್ಕಿಂತ ಚೆನ್ನಾಗಿಯೇ.

ಮುಖ್ಯ ಶಿಕ್ಷಕಿ: ಮಧುಗಿರಿಯವರೇ, ಚಾಕೊಲೇಟ್ ಬೇಡ, ಕಡಲೆಕಾಯಿ ತನ್ನಿ ಎಂದು ಸೂಚನಾ ಫಲಕದಲ್ಲಿ ಹಾಕಿದ್ದೆ. ಮಕ್ಕಳ ಸಂತೋಷ ಕಿತ್ತುಕೊಂಡರೆಂದು ಪೋಷಕರೇ ಮೇಲಧಿಕಾರಿಗೆ ದೂರು ಕೊಟ್ಟರು. ಉಳಿದ 55 ಮಕ್ಕಳ ಮನೆಗೆ ಎರಡೆರಡು ಸಲ ನಡೆದವಳು ನಾನು. ನೀವು ಯಾರ ಮನೆಗೆ ಹೋಗಿದ್ದೀರಿ?