ಎದುರಾಳಿ ತಂಡದ ಬಗ್ಗೆ ಆಟಗಾರ್ತಿಯರಿಗೆ ಎಷ್ಟು ಹೇಳಬೇಕು?

ಪ್ರಶ್ನೆ:
ಈ ಸೀಸನ್‌ನಿಂದ ಒಂದು ಮಹಿಳಾ ಫುಟ್‌ಬಾಲ್ ತಂಡದ ವಿಡಿಯೊ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಕೋಚ್, ಫಿಸಿಯೊ ಬಿಟ್ಟರೆ ನಾನೊಬ್ಬಳೇ. ಹೋದ ಪಂದ್ಯಕ್ಕೆ ಎದುರಾಳಿಗಳ ಮೂರು ಆಟ ಕೂತು ನೋಡಿ, 26 ಕ್ಲಿಪ್ ಮಾಡಿ, ಮುಕ್ಕಾಲು ಗಂಟೆ ಮಾತಾಡಿದೆ. ಅವರ ರೈಟ್ ವಿಂಗರ್ (ಬಲ ಅಂಚಿನಿಂದ ದಾಳಿ ಮಾಡುವವಳು) ಎಡಗಾಲಿನವಳು, ಒಳಕ್ಕೆ ತಿರುಗಿ ಶಾಟ್ ಹೊಡೆಯುತ್ತಾಳೆ ಅಂತ ಒಂಬತ್ತು ಸಲ ತೋರಿಸಿದ್ದೆ. 12ನೇ ನಿಮಿಷಕ್ಕೆ ಅವಳು ಒಳಕ್ಕೆ ತಿರುಗಿದಳು, ಗೋಲ್!

ಆಮೇಲೆ ಅವಳನ್ನು ತಡೆಯಬೇಕಿದ್ದ ನಮ್ಮ ಲೆಫ್ಟ್ ಬ್ಯಾಕ್ (ಎಡಗಡೆಯ ಡಿಫೆಂಡರ್) ಬಂದು, "ಅಕ್ಕಾ, ಅವಳು ಒಳಗೆ ಬರ್ತಾಳೆ ಅಂತ ಗೊತ್ತಿತ್ತು. ಆದ್ರೆ ನಾನೇನು ಮಾಡ್ಬೇಕಿತ್ತು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಕಷ್ಟ. ಸಿಗುವ ವಿಡಿಯೊ ಎಲ್ಲ ಯಾರೋ ಗೆರೆ ಪಕ್ಕ ನಿಂತು ಫೋನಿನಲ್ಲಿ ತೆಗೆದದ್ದು. ಬಾಲ್ ಬಿಟ್ಟು ಬೇರೇನೂ ಕಾಣಲ್ಲ. ನೀವೆಲ್ಲ ಹೇಗೆ ಮಾಡ್ತೀರಿ?

ಉತ್ತರ 1 (ಮೊದಲು ಡಿಫೆಂಡರ್, ಈಗ ಅನಲಿಸ್ಟ್):
ಆ ಹುಡುಗಿ ಸರಿಯಾಗಿಯೇ ಕೇಳಿದ್ದಾಳೆ. ನಾನು ಆಡುವಾಗ ಕೇಳೋಕೆ ಧೈರ್ಯ ಇರಲಿಲ್ಲ, ಸುಮ್ನೆ ತಲೆ ಆಡಿಸುತ್ತಿದ್ದೆ.

ಐದಾರು ಕ್ಲಿಪ್ ಸಾಕು. ವಿಂಗರ್ ಕಾಲಿಗೆ ಬಾಲ್ ತಲುಪುವ ಮುಂಚೆಯೇ ವಿಡಿಯೊ ನಿಲ್ಲಿಸಿ. "ಇಲ್ಲಿ ನೀನಿದ್ರೆ ಎಲ್ಲಿ ನಿಲ್ತೀಯ?" ಅಂತ ಕೇಳಿ. ಲೆಫ್ಟ್ ಬ್ಯಾಕ್ ಒಬ್ಬಳನ್ನೇ ಅಲ್ಲ, ಅವಳ ಪಕ್ಕದ ಸೆಂಟರ್ ಬ್ಯಾಕ್, ಮುಂದಿನ ಮಿಡ್‌ಫೀಲ್ಡರ್ ಮೂವರನ್ನೂ ಕೂರಿಸಿ. ಒಬ್ಬಳು ಒಳದಾರಿ ಮುಚ್ಚಿ ಆ ವಿಂಗರನ್ನು ಗೆರೆ ಕಡೆ ತಳ್ಳಬೇಕು. ತಪ್ಪಿಸಿಕೊಂಡು ಒಳಗೆ ಬಂದರೆ ಮಿಡ್‌ಫೀಲ್ಡರ್ ಸಿಗಬೇಕು. ಇದನ್ನು ಅವರೇ ಮಾತಾಡಿ ತೀರ್ಮಾನ ಮಾಡಲಿ. ಸಂಜೆ ಮೈದಾನದಲ್ಲಿ ಹತ್ತು ನಿಮಿಷ ನಡೆದೇ ಅಭ್ಯಾಸ ಮಾಡಿಸಿ.

2023ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್‌ನ ಓಲ್ಗಾ ಕಾರ್ಮೋನಾ 29ನೇ ನಿಮಿಷದಲ್ಲಿ ಹೊಡೆದ ಗೋಲ್ ನೋಡಿ. ಇಂಗ್ಲೆಂಡ್‌ನ ಲೂಸಿ ಬ್ರಾಂಜ್ ಬಲಗಡೆಯಿಂದ ಬಾಲ್ ತಗೊಂಡು ಮಧ್ಯಕ್ಕೆ ನುಗ್ಗಿ ಕಳೆದುಕೊಂಡರು. ಸ್ಪೇನ್ ತಕ್ಷಣ ಅವರು ಬಿಟ್ಟು ಬಂದ ಜಾಗಕ್ಕೇ ಆಟ ತಿರುಗಿಸಿತು. ಮರಿಯೋನಾ ಪಾಸ್ ಕೊಟ್ಟರು, ಕಾರ್ಮೋನಾ ಎಡಗಾಲಲ್ಲಿ ಹೊಡೆದರು, 1-0, ಅಷ್ಟೇ ಸ್ಕೋರ್. "ಬ್ರಾಂಜ್ ಮುಂದಕ್ಕೆ ಹೋಗ್ತಾರೆ" ಅನ್ನೋದು ಎಲ್ಲರಿಗೂ ಗೊತ್ತು. ಬಾಲ್ ಸಿಕ್ಕ ಕ್ಷಣ ಯಾರು ಆ ಜಾಗಕ್ಕೆ ಓಡಬೇಕು ಅನ್ನೋದೇ ನಿಮ್ಮ ಹುಡುಗಿಯರಿಗೆ ಬೇಕಾದದ್ದು.

ಉತ್ತರ 2:
ಫೋನ್ ವಿಡಿಯೊ ಪೂರ್ತಿ ದಂಡ ಅಲ್ಲ. ಕಾರ್ನರ್ (ಮೈದಾನದ ಮೂಲೆಯಿಂದ ಒದೆಯುವ ಕಿಕ್), ಗೋಲ್ ಕಿಕ್ ಹೊತ್ತಿಗೆ ಆಟ ನಿಂತಿರುತ್ತೆ, ಕ್ಯಾಮೆರಾವೂ ನಿಂತಿರುತ್ತೆ. ಕಾರ್ನರ್‌ಗೆ ಕೀಪರ್ ಮುಂದೆ ಬರ್ತಾಳಾ, ಹತ್ತಿರದ ಕಂಬದ ಬಳಿ ಯಾರು, ಇಷ್ಟು ಬರೆದುಕೊಳ್ಳಿ. ಡಿಫೆನ್ಸ್ ಸಾಲು ನೋಡಬೇಕು ಅಂದ್ರೆ ಬೇರೆ ದಾರಿ ಇಲ್ಲ, ನೀವೇ ಹೋಗಿ ಗ್ಯಾಲರಿ ಮೇಲಿನ ಸಾಲಲ್ಲಿ ಕೂರಬೇಕು.

ಉತ್ತರ 3:
ಚಿಕ್ಕದಾಗಿ ಬರೆಯೋದು ಎಷ್ಟು ಮುಖ್ಯ ಅಂದ್ರೆ, 2025ರ ಮಹಿಳಾ ಯೂರೋ ಫೈನಲ್‌ನ ಪೆನಾಲ್ಟಿಗಳಿಗೆ ಇಂಗ್ಲೆಂಡ್ ಕೀಪರ್ ಹ್ಯಾನಾ ಹ್ಯಾಂಪ್ಟನ್ ಎದುರಾಳಿಗಳಲ್ಲಿ ಯಾರು ಯಾವ ಕಡೆ ಹೊಡೀತಾರೆ ಅಂತ ಕೈಮೇಲೇ ಬರೆದುಕೊಂಡಿದ್ದರು. ಸ್ಪೇನ್ ಕೀಪರ್ ಬಾಟಲಿ ಮೇಲೆ ಅಂಟಿಸಿಕೊಂಡಿದ್ದರು, ಆ ಬಾಟಲಿಯನ್ನ ಹ್ಯಾಂಪ್ಟನ್ ಎತ್ತಿ ಪ್ರೇಕ್ಷಕರ ಕಡೆ ಎಸೆದೇಬಿಟ್ಟರಂತೆ! ಕೈಮೇಲೆ ಹಿಡಿಯದಷ್ಟು ಇದ್ದರೆ ಜಾಸ್ತಿ ಆಯ್ತು ಅಂತಲೇ ಲೆಕ್ಕ.

ಪ್ರಶ್ನೆ ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಈ ವಾರ ಐದೇ ಕ್ಲಿಪ್, ಮೂವರನ್ನೂ ಕೂರಿಸಿದೆ. ನಾನು ಎರಡು ಮಾತಾಡಿದ್ರೆ ಅವರು ಇಪ್ಪತ್ತು ಮಾತಾಡಿದರು. ಲೆಫ್ಟ್ ಬ್ಯಾಕ್ ಎದ್ದು ನೀರಿನ ಬಾಟಲಿಗಳನ್ನ ನೆಲದ ಮೇಲೆ ಜೋಡಿಸಿ, "ನೀನು ಇಲ್ಲಿಗೆ ಬರ್ದಿದ್ರೆ ನಾನು ಸತ್ತೆ" ಅಂತ ಮಿಡ್‌ಫೀಲ್ಡರ್‌ಗೆ ತೋರಿಸಿದಳು. ಪಂದ್ಯದಲ್ಲಿ ಆ ಕಡೆಯಿಂದ ಒಂದು ಶಾಟೂ ಬರಲಿಲ್ಲ.

ಸೋತಿದ್ದು ಕಾರ್ನರ್‌ನಲ್ಲಿ. ಉತ್ತರ 2 ಕೊಟ್ಟವರೇ, ನಿಮ್ಮದನ್ನು ಪಂದ್ಯ ಮುಗಿದ ಮೇಲೆ ಓದಿದೆ.