ಗ್ಲೌಸ್ ಹಾಕಿದ ಮೇಲೆ ಕೈ ತೊಳೆಯುವುದು ಬೇಡ್ವಾ?

ಕೇಳಿದ್ದು: ಜನರಲ್ ವಾರ್ಡಿಗೆ ಹೊಸದಾಗಿ ಸೇರಿದ್ದೇನೆ. ಇಲ್ಲಿ ಕೆಲವು ಸೀನಿಯರ್‌ಗಳು ಒಂದೇ ಜೊತೆ ಗ್ಲೌಸ್‌ನಲ್ಲಿ ನಾಲ್ಕೈದು ಬೆಡ್ ನೋಡುತ್ತಾರೆ. ಮಧ್ಯೆ ಗ್ಲೌಸ್ ಮೇಲೇ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತಾರೆ. ನಾನು ಪ್ರತಿ ಸಲ ಬಿಚ್ಚಿ ಸೋಪಿನಲ್ಲಿ ತೊಳೆದು ತೊಳೆದು ಕೈ ಒಡೆದು ಉರಿಯುತ್ತಿದೆ. ನೀವೆಲ್ಲ ಹೇಗೆ ಮಾಡ್ತೀರಿ?

ಐಸಿಯು ಸಿಸ್ಟರ್: ಬಿಚ್ಚುವುದೇ ಸರಿ, ಬಿಡಬೇಡಿ. ಒಂದು ಸಲ ಸುಮ್ನೆ ನಿಂತು ಆ ಗ್ಲೌಸ್ ಎಲ್ಲೆಲ್ಲಿ ಹೋಗುತ್ತದೆ ನೋಡಿ. ಯೂರಿನ್ ಬ್ಯಾಗ್ ಖಾಲಿ ಮಾಡಿದ ಕೈಯಲ್ಲೇ ಪರದೆ ಎಳೆಯುತ್ತಾರೆ, ಡ್ರಿಪ್ ಪಂಪಿನ ಬಟನ್ ಒತ್ತುತ್ತಾರೆ, ಜೇಬಿನಿಂದ ಪೆನ್ನು ತೆಗೆಯುತ್ತಾರೆ. ಆಮೇಲೆ ಪಕ್ಕದ ಬೆಡ್‌ನವರ ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ನಳಿಗೆ) ಮುಟ್ಟುತ್ತಾರೆ! ಬರಿಗೈ ಆಗಿದ್ದರೆ ಅಂಟು ಗೊತ್ತಾಗಿ ತೊಳೆಯುತ್ತಿದ್ದರು. ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು, ಬಿಚ್ಚುವಾಗ ಕೊಳೆ ಮಣಿಕಟ್ಟಿಗೂ ತಗಲುತ್ತದೆ. ಅದಕ್ಕೇ ಬಿಚ್ಚಿದ ಮೇಲೂ ಕೈ ಶುಚಿ ಮಾಡಬೇಕು. ಗ್ಲೌಸ್ ಮೇಲೆ ಸ್ಯಾನಿಟೈಸರ್ ಹಚ್ಚಿ ಮತ್ತೆ ಬಳಸುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಸೋಂಕು ನಿಯಂತ್ರಣ ನೋಡಿಕೊಳ್ಳುವ ನರ್ಸ್: ಕೈ ಉರಿಗೆ ಕಾರಣ ಸೋಪು ಇರಬಹುದು. ಕೊಳೆ ಕಾಣದಿದ್ದರೆ ಹ್ಯಾಂಡ್ ರಬ್ (ಕೈಗೆ ಉಜ್ಜುವ ಆಲ್ಕೋಹಾಲ್ ಸ್ಯಾನಿಟೈಸರ್) ಸಾಕು, 20–30 ಸೆಕೆಂಡ್. ಚರ್ಮಕ್ಕೂ ಅದೇ ವಾಸಿ. ಒಡೆದ ಕೈಗೆ ರಬ್ ಚುರ್ ಅಂದ ಕೂಡಲೇ ಎಲ್ಲರೂ ಸೋಪಿಗೆ ಓಡುತ್ತಾರೆ, ಒಡಕು ಇನ್ನೂ ಜಾಸ್ತಿ ಆಗುತ್ತದೆ. ರಕ್ತ, ಕೊಳೆ ಅಂಟಿದ್ದರೆ ಮಾತ್ರ ಸೋಪು ನೀರು, 40–60 ಸೆಕೆಂಡ್. ಸಿ. ಡಿಫಿಸೀಲ್ ಅನ್ನೋ ಬ್ಯಾಕ್ಟೀರಿಯಾದಿಂದ ಭೇದಿ ಆದ ರೋಗಿ ಇದ್ದರೂ ಸೋಪೇ ಬೇಕು, ಅದರ ಸ್ಪೋರ್ (ಗಟ್ಟಿ ಕವಚದ ಬೀಜರೂಪ) ಆಲ್ಕೋಹಾಲಿಗೆ ಸಾಯುವುದಿಲ್ಲ. ರಬ್ ಆರದೆ ಗ್ಲೌಸ್ ಹಾಕಬೇಡಿ.

ನನ್ನದೇ ಇನ್ನೊಂದು ಮಾತು, ಬೇಡದ ಕಡೆ ಗ್ಲೌಸ್ ಬಿಟ್ಟುಬಿಡಿ. ಐಸೊಲೇಷನ್ ರೋಗಿ ಅಲ್ಲದಿದ್ದರೆ ಬಿಪಿ, ಪಲ್ಸ್, ಟೆಂಪರೇಚರ್‌ಗೆ ಯಾಕೆ? ಚರ್ಮ ಸರಿಯಿದ್ದರೆ ಸಾಮಾನ್ಯ ಐಎಂ (ಸ್ನಾಯುವಿಗೆ ಕೊಡುವ) ಇಂಜೆಕ್ಷನ್‌ಗೂ ಬೇಡ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ 2018ರಲ್ಲಿ ಇದಕ್ಕಾಗಿಯೇ ಅಭಿಯಾನ ನಡೆಸಿತ್ತು.

ನಿವೃತ್ತ ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್: ನಿಮ್ಮ ಉರಿ ಹಳೇ ಕಥೆಯಮ್ಮ. 1890ರ ಆಸುಪಾಸಿನಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಓಟಿ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಕೈ, ಅಲ್ಲಿನ ಪಾದರಸದ ದ್ರಾವಣಕ್ಕೆ ಹೀಗೇ ಕೆಟ್ಟಿತ್ತು. ಸರ್ಜನ್ ಹಾಲ್‌ಸ್ಟೆಡ್ ಅವರಿಗಾಗಿ ತೆಳು ರಬ್ಬರ್ ಗ್ಲೌಸ್ ಮಾಡಿಸಿಕೊಟ್ಟರು, ಆಮೇಲೆ ಅವರನ್ನೇ ಮದುವೆಯೂ ಆದರು! ಗ್ಲೌಸ್ ಮುಟ್ಟಿದಲ್ಲೆಲ್ಲ ತುರಿಕೆ, ದದ್ದು ಇದ್ದರೆ ಲೇಟೆಕ್ಸ್ (ಗ್ಲೌಸಿನ ರಬ್ಬರ್) ಅಲರ್ಜಿ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ಪೌಡರ್ ಇಲ್ಲದ, ಲೇಟೆಕ್ಸ್ ಅಲ್ಲದ ನೈಟ್ರೈಲ್ ಗ್ಲೌಸ್ ಕೇಳಿ ಪಡೆಯಿರಿ. ಪೌಡರ್ ಗ್ಲೌಸ್ ಬಿಚ್ಚಿ ರಬ್ ಹಚ್ಚಿದರೆ ಕೈಯೆಲ್ಲ ಹಿಟ್ಟು ಕಲಸಿದ ಹಾಗೆ ಆಗುತ್ತದೆ, ಅಲ್ವಾ?

ಸೀನಿಯರ್‌ಗಳ ಜೊತೆ ವಾದಕ್ಕೆ ನಿಲ್ಲಬೇಡಿ. ಪ್ರತಿ ಬೆಡ್ಡಿನ ಕಾಲ ಬಳಿ ಒಂದು ರಬ್ ಬಾಟಲಿ, ಬಳಸಿದ ಗ್ಲೌಸ್ ಎಸೆಯಲು ಕೈಗೆಟುಕುವಲ್ಲಿ ಕೆಂಪು ಬ್ಯಾಗ್ ಇಡಿಸಿ ಅಂತ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ. ಗ್ಲೌಸ್ ಎಸೆಯಲು ವಾರ್ಡಿನ ಆ ತುದಿಗೆ ನಡೆಯಬೇಕು ಅಂದರೆ ಯಾರೂ ಬಿಚ್ಚುವುದಿಲ್ಲ.