ಪದಚರ್ಚೆ: ಸಾವಿನ ದುಃಖಕ್ಕೊಂದು, ಡಿಪ್ರೆಶನ್‌ಗೊಂದು ಪದ ಬೇಕು (ತುರ್ತು)

ಪ್ರಶ್ನೆ:
ಆಪ್ತರನ್ನು ಕಳೆದುಕೊಂಡವರಿಗೆ ಕೊಡುವ ಕರಪತ್ರ ನಾಳೆ ಅಚ್ಚಿಗೆ ಹೋಗಬೇಕು. ತಲೆಬರಹ ಸದ್ಯಕ್ಕೆ 'ಶೋಕವೋ ಖಿನ್ನತೆಯೋ?' ಎಂದಿದೆ. ಪತ್ರಿಕೆಗಳಲ್ಲಿ ಪಂದ್ಯ ಸೋತವರೂ 'ಖಿನ್ನ'ರಾಗುತ್ತಾರಲ್ಲ, ಅದಕ್ಕೇ ಅನುಮಾನ.

ಉತ್ತರ 1:
'ಶೋಕ' ಸಭೆಗಳ ಮಾತು. 'ಅಳಲು' ಹಾಕಿ. ಹಳಗನ್ನಡದ ಅೞಲ್, ತಮಿಳಿನಲ್ಲಿ ಅದೇ ಪದಕ್ಕೆ ಬೆಂಕಿ ಎಂದರ್ಥ. 'ಖಿನ್ನತೆ' ತೆಗೆದು 'ಕುಗ್ಗು' ಎನ್ನಿ. ಮಹಾಪ್ರಾಣ ಯಾರ ಬಾಯಲ್ಲೂ ಹೊರಡುವುದಿಲ್ಲ.

ಉತ್ತರ 2:
ಸುಡುವುದೇ ಬೇಕಿದ್ದರೆ ಸಂಸ್ಕೃತದ ಶುಚ್ ಧಾತುವೂ ಸುಡುತ್ತದೆ, 'ಶೋಕ' ಹುಟ್ಟಿದ್ದೇ ಅದರಿಂದ. ಧಾತು ಹಿಡಿದು ಕಾಯಿಲೆ ಗುರುತಿಸಲಾಗದು. ಇವತ್ತು 'ಅಳಲು ತೋಡಿಕೊಂಡರು' ಎಂದರೆ ದೂರು ಹೇಳಿದರು ಅಂತ. ಬೆಲೆಯೂ ಕುಗ್ಗುತ್ತದೆ. 'ಅಗಲಿಕೆಯ ದುಃಖ', 'ಖಿನ್ನತೆ' ಸಾಕು.

ಗೆರೆ ಎಳೆಯಬೇಕಾದ್ದು ತಲೆಬರಹದ ಕೆಳಗೆ. ದುಃಖ ಅಲೆ ಅಲೆಯಾಗಿ ಬರುತ್ತದೆ: ಹೋದವರ ಕನ್ನಡಕ ಕಣ್ಣಿಗೆ ಬಿದ್ದರೆ ಉಕ್ಕುತ್ತದೆ, ನಡುವೆ ಅವರದೇ ತಮಾಷೆ ನೆನೆದು ನಗುವೂ ಬರುತ್ತದೆ. ಖಿನ್ನತೆಗೆ ನೆಪ ಬೇಕಿಲ್ಲ. ಕನಿಷ್ಠ 2 ವಾರ, ಹೆಚ್ಚುಕಡಿಮೆ ದಿನವಿಡೀ ಮಂಕು, ಯಾವುದರಲ್ಲೂ ರುಚಿಯಿಲ್ಲ. 'ಇನ್ನೂ ಚೆನ್ನಾಗಿ ನೋಡಿಕೊಳ್ಳಬೇಕಿತ್ತು' ಎಂಬುದು ದುಃಖದ ಮಾತು. 'ನಾನೇ ಯಾವುದಕ್ಕೂ ಬಾರದವಳು' ಎಂಬುದು ಖಿನ್ನತೆಯದು. ನಿದ್ದೆ, ಹಸಿವು ಎರಡರಲ್ಲೂ ಕೆಡುತ್ತವೆ, ಅವನ್ನೇ ಗುರುತು ಎಂದು ಅಚ್ಚು ಹಾಕಬೇಡಿ. ಸಾಯುವ ಯೋಚನೆ ಬಂದರೆ ವಾರ ಎಣಿಸದೆ ಅವತ್ತೇ ವೈದ್ಯರಲ್ಲಿಗೆ ಹೋಗಿ ಎಂಬ ಸಾಲು ದಪ್ಪಕ್ಷರದಲ್ಲಿರಲಿ.

ಇನ್ನು ಆ 'ವೋ–ಯೋ' ತಪ್ಪು. ಎರಡೂ ಜೊತೆಗೇ ಬರಬಹುದು. ಸಾವಾದ ಮೊದಲ 2 ತಿಂಗಳು ಖಿನ್ನತೆ ಎಂದು ಸಾಮಾನ್ಯವಾಗಿ ಲೆಕ್ಕಿಸಬೇಡಿ ಎಂಬ ಹಳೆಯ ವಿನಾಯಿತಿಯನ್ನು ಅಮೆರಿಕದ ಮನೋವೈದ್ಯರ ಕೈಪಿಡಿಯಾದ ಡಿಎಸ್ಎಂ 2013ರಲ್ಲೇ ಕೈಬಿಟ್ಟಿದೆ.

ಉತ್ತರ 3:
ಮೂರನೆಯದೊಂದು ಬಿಟ್ಟುಹೋಯಿತು. ಹೋದವರ ಹಂಬಲವೇ ದಿನದಿನವೂ ಹಿಂಡುತ್ತ, ಮಾಡುವ ಕೆಲಸ ನಿಂತೇಹೋದರೆ ಅದು ಖಿನ್ನತೆಯಲ್ಲ, ಬೇರೆಯೇ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರ ಪ್ರಕಾರ ಕನಿಷ್ಠ 6 ತಿಂಗಳು, ಡಿಎಸ್ಎಂನ 2022ರ ಪರಿಷ್ಕರಣೆಯಲ್ಲಿ ದೊಡ್ಡವರಿಗೆ 12. 'ದೀರ್ಘಕಾಲಿಕ ಶೋಕ ಅಸ್ವಸ್ಥತೆ' ಎಂದು ಬರೆದರೆ ಓದುವವರಿಲ್ಲ. 'ಮಾಯದ ಕೊರಗು' ಎನ್ನಿ. ಕೊರಗಿ ಸೊರಗುವುದು ಎಲ್ಲರಿಗೂ ಗೊತ್ತು.

ಪ್ರಶ್ನೆ ಕೇಳಿದವರು:
ಮೂರನ್ನೂ ತೆಗೆದುಕೊಂಡೆ. 'ಖಿನ್ನತೆ ಅಂದರೆ ಡಿಪ್ರೆಶನ್' ಎಂದು ಒಂದು ಕಡೆ ಸೇರಿಸಿದ್ದೇನೆ.

ಉತ್ತರ 1:
ಇಂಗ್ಲಿಷಿನ ಊರುಗೋಲು ಬೇಕೇಬೇಕೆ?

ಉತ್ತರ 2:
ವೈದ್ಯರ ಬಾಯಲ್ಲಿ ಓದುಗರ ಕಿವಿಗೆ ಬೀಳುವ ಪದ ಅದೇ. ಕನ್ನಡಕ್ಕೆ 'ದುಃಖ'ವೂ ಕಡ ತಂದದ್ದೇ.

ಉತ್ತರ 1:
ಹಾಗಾದರೆ ವಿಸರ್ಗವನ್ನಾದರೂ ಬಿಡಿ. 'ದುಕ್ಕ' ಎಂದೇ ಬರೆಯಿರಿ.